ಚಿಂತೆ ಇಲ್ಲಕ್ಕೆ ಕೊಂಬು ಬಂದದ್ದು

ಬನ್ನಿ, ಕಾಲು ಚಾಚಿ ಕುಂತ್ಕಳಿ. ಆ ಫೋನನ್ನ ಕವುಚಿ ಹಾಕಿ ಮಗ್ಗುಲಲ್ಲಿಡಿ, ಅದೇನು ಎದ್ದು ಓಡಿಹೋಗಲ್ಲ. ನಾನು ಹೇಳೋದರಲ್ಲಿ ಒಂದು ಮಾತೂ ಸುಳ್ಳಿಲ್ಲ. ಸುಳ್ಳಿದ್ದರೆ ಅದು ಆಫೀಸಿನ ರಿಜಿಸ್ಟರಿನಲ್ಲಿ ಇರಬೇಕು. ರಿಜಿಸ್ಟರಿನಲ್ಲಿ ಇದ್ದ ಮೇಲೆ ಅದು ಸುಳ್ಳು ಹೆಂಗಾಗ್ತದೆ?

ಹಿಂದೂಪುರದ ಗಾಣದ ಬೀದಿಯಲ್ಲಿ ಗಾಣ ಇಲ್ಲ. ಇದು ಎಲ್ಲರೂ ಒಪ್ಪಿರೋ ಸಂಗತಿ. ನಾನು ಮದುವೆಯಾಗಿ ಪರಿಗಿಗೆ ಬಂದ ಕಾಲಕ್ಕೆ ಆ ಬೀದಿಯಲ್ಲಿ ಎರಡು ಗಾಣ, ಒಂಬತ್ತು ಹುಣಸೆಹಣ್ಣಿನ ಮಂಡಿ ಇದ್ದವು. ಈಗ ಆರು ಕೆಫೆ ಅವೆ. ಮಂಡಿಗಳ ಹಳೇ ಗೋಡೆಗೆ ಗಾರೆ ಮೆತ್ತದೆ, ಇಟ್ಟಿಗೆ ಕಾಣೋ ಹಂಗೇ ಬಿಟ್ಟವ್ರೆ. ನಮ್ಮ ಮನೇಲಿ ಇಟ್ಟಿಗೆ ಕಂಡರೆ ಅದು ಬಡತನ, ಅಲ್ಲಿ ಕಂಡರೆ ಡಿಸೈನು. ಸಾಯಂಕಾಲ ಆಯ್ತು ಅಂದರೆ ಹುಡುಗರು ಹುಡುಗೀರು ಗುಂಪು ಕಟ್ಟಿಕೊಂಡು ಕೆಫೆ ಎಕ್ಸ್‌ಪ್ಲೋರ್ ಮಾಡಾಕೆ ಬರ್ತಾರೆ. ಒಂದು ಕಡೆ ಕುಡೀತಾರೆ, ಇನ್ನೊಂದು ಕಡೆ ತಿಂತಾರೆ, ಎಲ್ಲಾ ಕಡೆ ಫೋಟೋ ತೆಗೀತಾರೆ. ನಾವು ಹೊಲದಲ್ಲಿ ಕಳೆದುಹೋದ ಎಮ್ಮೆ ಹುಡುಕಿದಷ್ಟು ಶ್ರದ್ಧೆಯಿಂದ ಅವರು ಐಸ್‌ಕ್ರೀಮು ಹುಡುಕ್ತಾರೆ.

ನನ್ನ ಮಗಳ ಮಗಳು ಭಾರ್ಗವಿ. ಪೆನುಕೊಂಡದ ಹತ್ತಿರ ಕಾರು ಮಾಡೋ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಮೂರು ವರ್ಷ ಉಪ್ಪಿಟ್ಟು ಬಡಿಸಿದಳು. ಬಡಿಸಿ ಬಡಿಸಿ ಅವಳ ಬಲಗೈ ತಟ್ಟೆ ಕಂಡರೆ ತಾನಾಗೇ ಮೇಲೆ ಏಳೋದು. ಬಿಡುವು ಸಿಕ್ಕಾಗ ಫೋನು ನೋಡ್ಕೊಂಡು ಕೇಕು ಕಲಿತಳು. ಕೊನೆಗೆ ಕೆಲಸ ಬಿಟ್ಟು ಗಾಣದ ಬೀದಿಯ ತುದಿಗೆ ಒಂದು ಹಳೇ ಮಂಡಿ ಬಾಡಿಗೆ ಹಿಡಿದಳು. ಕೇಕು, ಕಾಫಿ, ಐಸ್‌ಕ್ರೀಮು. ಹೆಸರು ಏನಿಡೋದು ಅಂತ ನನ್ನನ್ನ ಕೇಳಲೇ ಇಲ್ಲ, ನನ್ನ ಬಾಯಿಂದಲೇ ಎತ್ತಿಕೊಂಡಳು. ಹಾಲು ಉಕ್ಕಿದರೆ ನಾನು 'ಚಿಂತೆ ಇಲ್ಲ' ಅಂತೀನಿ. ಬಸ್ಸು ತಪ್ಪಿದರೆ 'ಚಿಂತೆ ಇಲ್ಲ' ಅಂತೀನಿ. ಅದೇ ಹೆಸರು. ಚಿಂತೆ ಇಲ್ಲ ಕೆಫೆ.

ಅರ್ಜಿಯಲ್ಲಿ ಎರಡು ಪುಟ. ಯಾತರ ಅಂಗಡಿ ಅಂತ ಕೇಳೋ ಪುಟವನ್ನ ಭಾರ್ಗವಿ ಮನೇಲೇ ತುಂಬಿದಳು, ಕೆಫೆ ಅಂತ. ಅಂಗಡಿಯ ಹೆಸರು ಮಾತ್ರ ಕಚೇರಿಯಲ್ಲೇ ಬಾಯಲ್ಲಿ ಹೇಳಿ ಬರೆಸಬೇಕು, ಅದು ಅಲ್ಲಿಯ ನಿಯಮ. ಅವತ್ತು ಅವಳ ಕೇಕು ಒಲೆಯೊಳಗಿತ್ತು. ಹಂಗಾಗಿ ಅಂಗಡಿ ನಾಮಧೇಯ ಕಚೇರಿಗೆ ನಾನೇ ಹೋದೆ. ಅಲ್ಲಿ ಬರೆಯೋ ಗುಮಾಸ್ತ ಓಬುಳಪತಿ. ಪೆನ್ನಿನ ಮೂತಿ ಎತ್ತದೆ, ತಲೆಯನ್ನೂ ಎತ್ತದೆ "ಪೇರೇಮಮ್ಮಾ?" ಅಂತ ತೆಲುಗಲ್ಲಿ ಹೆಸರು ಕೇಳಿದ.

"ಚಿಂತೆ ಇಲ್ಲ" ಅಂದೆ.

"ಚಿಂತ ಇಲ್ಲು. ಮಂಚಿ ಪೇರು" ಅಂದು ಬರೆದ. ಒಳ್ಳೇ ಹೆಸರು ಅಂದನಲ್ಲ ಅಂತ ನಾನು ಹಿಗ್ಗಿ, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಬಂದ್ಬುಟ್ಟೆ.

ನೋಡಿ, ಆಂಧ್ರದ ಗಡಿಯಲ್ಲಿರೋ ನಮ್ಮ ಕಡೆಯವರಿಗೆ ಬಾಯಿ ಒಂದು, ನಾಲಿಗೆ ಎರಡು. ಕನ್ನಡದ ನಾಲಿಗೆಗೆ ಚಿಂತೆ ಅಂದರೆ ಮನಸ್ಸು ಕೊರೆಯೋ ಹುಳ. ತೆಲುಗಿನ ನಾಲಿಗೆಗೆ ಚಿಂತ ಅಂದರೆ ಹುಣಸೆ. ಕನ್ನಡದಲ್ಲಿ ಇಲ್ಲ ಅಂದರೆ ಇಲ್ಲ. ತೆಲುಗಲ್ಲಿ ಇಲ್ಲು ಅಂದರೆ ಮನೆ. ತೆ ಅಂದರೂ ತ ಅಂದರೂ ತೆಲುಗಿನ ಕಿವಿಗೆ ಒಂದೇ, ಕೊನೇ ಅಕ್ಷರಕ್ಕೆ ಒಂದು ಕೊಂಬು ಹಚ್ಚಿದರೆ ಸಾಕಂತೆ, ಇಲ್ಲದ ಚಿಂತೆ ಹೋಗಿ ಹುಣಸೆಮನೆ ಎದ್ದು ನಿಲ್ತದೆ. ಆಮೇಲೆ ಭಾರ್ಗವಿ ಹಿಟ್ಟಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದಳು. ಆ ಕೊಂಬು ಮೇಕೆಮರಿಯ ಕೊಂಬಿಗಿಂತ ಸಣ್ಣದು, ಆದರೂ ಹಾಯೋಕೆ ಅಷ್ಟು ಸಾಲ್ತದೆ.

ಅಂಗಡಿ ತೆಗೆದು ಹದಿನೈದು ದಿನಕ್ಕೆ ನೋಟೀಸು ಬಂತು. ಭಾರ್ಗವಿ ಓದಿದಳು. ಹತ್ತು ಸಲ ಓದಿಸಿದ್ದಕ್ಕೆ ನನಗೆ ಬಾಯಿಪಾಠ ಆಗೈತೆ:

'ಚಿಂತ ಇಲ್ಲು ಎಂಬ ಹುಣಸೆಮನೆಯನ್ನು ಹೊರಗಿನಿಂದ ಪರಿಶೀಲಿಸಲಾಗಿ, ಅದರೊಳಗೆ ಹುಣಸೆಹಣ್ಣು ಕಂಡುಬಾರದೆ, ಕೇಕು ಕಂಡುಬಂದಿರುತ್ತದೆ. ಏಳು ದಿನದೊಳಗೆ ಹುಣಸೆಹಣ್ಣು ಕಂಡುಬರತಕ್ಕದ್ದು. ತಪ್ಪಿದಲ್ಲಿ ಮನೆಗೆ ಬೀಗಮುದ್ರೆ ಹಾಕಿ, ಕೇಕನ್ನು ಅಕ್ರಮ ದಾಸ್ತಾನೆಂದು ಭಾವಿಸಲಾಗುವುದು.'

ನಾನು ಸೀದಾ ಕಚೇರಿಗೆ ಹೋದೆ. ಓಬುಳಪತಿ ಕುರ್ಚಿ ಖಾಲಿ ಇತ್ತು, ಅವನಿಗೆ ಕಲ್ಯಾಣದುರ್ಗಕ್ಕೆ ವರ್ಗ ಆಗಿತ್ತು. ಒಳಗೆ ದೊಡ್ಡ ಅಧಿಕಾರಿ ಧರ್ಮೇಂದ್ರ ಸಾರು ಕೂತಿದ್ದರು. ಮರ್ಯಾದಸ್ಥರು, ನಿಂತವರನ್ನ ಕುಂತ್ಕಳಿ ಅಂತಾರೆ, ಕೂತವರನ್ನ ಯಾವತ್ತೂ ಏಳಿ ಅನ್ನಲ್ಲ, ಅವರ ಕೆಲಸವನ್ನೂ ಮಾಡಲ್ಲ.

ಒಂದು ಕೊಂಬು ತಪ್ಪಾಗಿ ಬಿದ್ದೈತೆ, ಅಳಿಸಿಬುಡಿ ಸಾರೂ ಅಂದೆ.

"ರಿಜಿಸ್ಟರ್‌ನಾಗೆ ಬಿದ್ದದ್ದು ತಪ್ಪಾಗಾದಿಲ್ಲಮ್ಮ" ಅಂದರು. "ನಿಮ್ಮ ಅಂಗಡೀನೇ ತಪ್ಪಾಗೈತೆ. ಅದನ್ನ ತಿದ್ದಿಕಳಿ."

ಪಕ್ಕದ ಮೇಜಿನ ಭ್ರಮರಾಂಬ ಮೇಡಮ್ಮು ನಿಯಮದ ಪುಸ್ತಕ ತೆಗೆದು ಓದಿದರು. ಹೆಸರು ಅಂಗಡಿಯನ್ನು ಅನುಸರಿಸತಕ್ಕದ್ದಲ್ಲ, ಅಂಗಡಿಯು ಹೆಸರನ್ನು ಅನುಸರಿಸತಕ್ಕದ್ದು. ಇನ್ನು ಕೊಂಬು, ಒತ್ತು, ದೀರ್ಘಗಳನ್ನು ಹಾಕಿದ ಕೈಯೇ ತೆಗೆಯತಕ್ಕದ್ದು. ಆ ಕೈ ಕಲ್ಯಾಣದುರ್ಗದಲ್ಲಿತ್ತು. ಕೈ ಇಲ್ಲಿಗೆ ಬರಲ್ಲ, ರಿಜಿಸ್ಟರು ಅಲ್ಲಿಗೆ ಹೋಗಲ್ಲ, ಆದರೆ ಒಂದು ಚೀಟಿ ಬರೆಸಿಕೊಂಡು ಬಂದರೆ ಯೋಚನೆ ಮಾಡ್ತೀವಿ ಅಂದರು. ಯೋಚನೆ ಮಾಡ್ತೀವಿ ಅಂದಿದ್ದೇ ದೊಡ್ಡದು ಅಂದ್ಕೊಂಡು ನಾನೂ ಭಾರ್ಗವೀನೂ ಮಾರನೇ ದಿನ ಬಸ್ಸು ಬದಲಾಯಿಸಿ ಬದಲಾಯಿಸಿ ಕಲ್ಯಾಣದುರ್ಗಕ್ಕೆ ಹೋದೆವು. ಅವಳು ಮಡಿಲಲ್ಲಿ ಅರ್ಧ ಕೆಜಿ ಕೇಕಿನ ಡಬ್ಬಿ ಇಟ್ಟುಕೊಂಡಿದ್ದಳು. ಅಲ್ಲಿಗೆ ಮುಟ್ಟೋ ಹೊತ್ತಿಗೆ ಅದು ಪಾಯಸವಾಗಿತ್ತು.

ಓಬುಳಪತಿ ಪಾಯಸ ತಿಂದ. ಬೆರಳು ನೆಕ್ಕಿ, ಕೊಂಬು ತಾನೇ ಹಾಕಿದ್ದು ಅಂತ ಒಪ್ಪಿಕೊಂಡ. ಬಲು ಚೆನ್ನಾಗಿ ಕನ್ನಡ ಮಾತಾಡ್ತಿದ್ದ, ನಮ್ಮ ಪರಿಗಿಯವರ ಹಂಗೇ.

"ಅಲ್ಲ ಕಣಪ್ಪ, ಇಷ್ಟು ಕನ್ನಡ ಬತ್ತೈತೆ, ಅವತ್ತು ನಾನಂದಿದ್ದು ತಿಳೀಲಿಲ್ಲವಾ?" ಅಂದೆ.

"ಮನೇನಾಗೆ ಬತ್ತೈತೆ ಅವ್ವ. ಆಫೀಸ್ ಟೈಮ್‌ನಾಗೆ ಬರಾಕಿಲ್ಲ" ಅಂದ.

ಚೀಟಿ ಕೊಡು ಅಂದರೆ ಕೈ ಮುಗಿದ. ಹಿಂದೂಪುರದ ಜಿಲ್ಲೆ ಬೇರೆ, ಕಲ್ಯಾಣದುರ್ಗದ ಜಿಲ್ಲೆ ಬೇರೆ ಆಗೈತೆ. ಈ ಜಿಲ್ಲೆಯಲ್ಲಿ ಕೂತು ಆ ಜಿಲ್ಲೆಯ ಕೊಂಬು ಮುಟ್ಟಿದರೆ ಗಡಿ ದಾಟಿದ ತಪ್ಪಾಗ್ತದೆ. ತನಗೆ ಈಗ ಕಲ್ಯಾಣದುರ್ಗದ ಕೊಂಬು ತೆಗೆಯೋಕೆ ಮಾತ್ರ ಅಧಿಕಾರ, ಬೇಕಾದರೆ ಇಲ್ಲೊಂದು ಅಂಗಡಿ ತೆಗೀರಿ, ತಪ್ಪಾಗಿ ಬರೆದು ಆಮೇಲೆ ಸರಿ ಮಾಡಿಕೊಡ್ತೀನಿ ಅಂದ. ಮನಸ್ಸು ಒಳ್ಳೇದು ಆ ಹುಡುಗಂದು.

ವಾಪಸು ಬರೋದರೊಳಗೆ ಹಿಂದೂಪುರದಲ್ಲಿ ವಿಷಯ ಬೆಳೆದಿತ್ತು. ಹೆಸರಿನ ರಿಜಿಸ್ಟರಿನಲ್ಲಿ ಒಂದು ಹುಣಸೆಮನೆ ಜಾಸ್ತಿ ಆಗಿತ್ತಲ್ಲ, ಅದೇ ಥರ ಭಾರ್ಗವಿ ಮನೇಲಿ ತುಂಬಿದ್ದ ಪುಟದ ಪ್ರಕಾರ, ಅನುಮತಿಯ ರಿಜಿಸ್ಟರಿನಲ್ಲಿ ಒಂದು ಕೆಫೆ ಜಾಸ್ತಿ ಆಗಿತ್ತು. ಗಾಣದ ಬೀದಿಯಲ್ಲಿ ಏಳು ಕೆಫೆ ಇರಬೇಕು. ಎಣಿಸಿದರೆ ಆರು. ಏಳನೆಯದು ಎಲ್ಲಿ?

ನಮ್ಮದೇ ಸಾರೂ ಅದು ಅಂತ ಭಾರ್ಗವಿ ಎಷ್ಟು ಹೇಳಿದರೂ ಧರ್ಮೇಂದ್ರ ಸಾರು ಕೇಳಲಿಲ್ಲ. ನಿಮ್ಮದು ಹುಣಸೆಮನೆ, ಬೇರೆಯವರ ಕೆಫೆ ಮೇಲೆ ಕಣ್ಣು ಹಾಕಬೇಡಿ ಅಂದರು. ಮೇಲಿನವರಿಗೆ ಬರೆದು 'ಕಾಣೆಯಾದ ಕೆಫೆ ಶೋಧನಾ ಸಮಿತಿ' ಅಂತ ಮಾಡಿಕೊಂಡರು. ಅಧ್ಯಕ್ಷರು ಧರ್ಮೇಂದ್ರ ಸಾರು, ಕಾರ್ಯದರ್ಶಿ ಭ್ರಮರಾಂಬ ಮೇಡಮ್ಮು. ಕೆಫೆಯನ್ನ ಕೊನೆಯದಾಗಿ ಕಂಡವಳು ಅಂತ ನನ್ನನ್ನೂ ಸದಸ್ಯೆ ಮಾಡಿದರು. ಜೊತೆಗೆ ಎರಡು ಫೈಲನ್ನೂ ಒಂದೇ ದಾರದಲ್ಲಿ ಕಟ್ಟಿದರು. ಕಾಣೆಯಾದ ಕೆಫೆ ಸಿಗೋ ತನಕ ಹುಣಸೆಮನೆಗೆ ಒಪ್ಪಿಗೆಯ ಮುದ್ರೆ ಒತ್ತೋ ಹಂಗಿಲ್ಲ.

ಹಂಗೆ ನಾನು ಈ ವಯಸ್ಸಿನಲ್ಲಿ ಕೆಫೆ ಎಕ್ಸ್‌ಪ್ಲೋರ್ ಮಾಡಾಕೆ ಹೊರಟೆ. ಸರ್ಕಾರಿ ಕೆಲಸ.

ಮೊದಲು ಹೋಗಿದ್ದು ಚಾಕೊ ಪಂಚಾಯ್ತಿ ಅನ್ನೋ ಅಂಗಡಿಗೆ. ಅದರ ಒಡತಿ ಸ್ಪಂದನ ಅನ್ನೋ ಹುಡುಗಿ. ನಮ್ಮದು ಕಾಣೆಯಾಗಿಲ್ಲ ಸರ್, ಇಲ್ಲೇ ಇದೆಯಲ್ಲ ಅಂದಳು.

"ಅದನ್ನ ತಿಂದು ನೋಡಿ ಹೇಳಬೇಕಮ್ಮ" ಅಂದರು ಧರ್ಮೇಂದ್ರ ಸಾರು.

ವಾಫಲ್ಲು ಬಂತು. ಕಿಟಕಿ ಜಾಲರಿಯ ಹಂಗೆ ಚೌಕ ಚೌಕ ತಗ್ಗು, ಪ್ರತಿ ತಗ್ಗಿನಲ್ಲೂ ಚಾಕಲೇಟು ನಿಂತಿತ್ತು, ನಾಟಿಗೆ ನೀರು ಕಟ್ಟಿದ ಮಡಿ ಥರ. ಸಾರು ಒಂದೊಂದು ಮಡಿಯನ್ನೂ ಬೇರೆ ಬೇರೆಯಾಗಿ ಪರಿಶೀಲಿಸಿದರು. ಇದು ಕಾಣೆಯಾದದ್ದಲ್ಲ ಅಂತ ಬರೆಸಿದರು. ಭ್ರಮರಾಂಬ ಮೇಡಮ್ಮಿಗೆ ಷುಗರ್ ಐತೆ, ಸಿಹಿ ಮುಟ್ಟಲ್ಲ. ಆದರೆ ಕರ್ತವ್ಯದ ಮೇಲೆ ತಿಂದದ್ದು ಕಚೇರಿಯ ಲೆಕ್ಕಕ್ಕೆ ಹೋಗ್ತದೆ, ಮೈಗೆ ಹತ್ತಲ್ಲ ಅಂತ ಅವರೇ ಹೇಳಿ ಎರಡು ತಿಂದರು. ದುಡ್ಡು ಕೊಡೋ ಮಾತು ಬರಲಿಲ್ಲ. ದುಡ್ಡು ಕೊಟ್ಟರೆ ಅದು ವ್ಯಾಪಾರ ಆಗ್ತದೆ, ಪರಿಶೀಲನೆ ಆಗಲ್ಲವಂತೆ.

ಮೂನ್ ಮಗ್ ಅನ್ನೋ ಕಡೆ ಟೀ ಕೊಟ್ಟರು, ತಳದಲ್ಲಿ ಕರೀ ಗುಂಡು ಹೊರಳಾಡ್ತಿದ್ದವು. ಯಾರೋ ಸಬ್ಬಕ್ಕಿ ಪಾಯಸ ಮಾಡೋಕೆ ಹೋಗಿ, ಮರೆತು ಟೀ ಸುರಿದವ್ರೆ ಪಾಪ ಅಂದ್ಕೊಂಡೆ. ಇಲ್ಲವಂತೆ, ಅದು ಬೇಕಂತಲೇ ಮಾಡೋದಂತೆ. ದಪ್ಪ ಕೊಳವೆಯಲ್ಲಿ ಎಳೆದರೆ ಒಂದು ಗುಂಡು ಬಂದೂಕಿನಿಂದ ಬಂದ ಹಂಗೆ ಬಂದು ಗಂಟಲಿಗೆ ಬಡೀತು. ಇನ್ನೊಂದು ಕಡೆ ಚೀಸ್‌ಕೇಕು ಅಂತ ಕೊಟ್ಟರು. ನಾನು ಬಾಯಿಗಿಟ್ಟ ತಕ್ಷಣ ಗುರುತು ಹಿಡಿದೆ, ನಮ್ಮ ಗಿಣ್ಣು! ಎಮ್ಮೆ ಈದ ಮೂರನೇ ದಿನ ಬೀದಿಯವರಿಗೆಲ್ಲ ಪುಕ್ಕಟೆ ಹಂಚ್ತೀವಲ್ಲ, ಅದನ್ನೇ ಮೂರು ಮೂಲೆಯಾಗಿ ಕುಯ್ದು ತಟ್ಟೆ ಮೇಲೆ ಕೂರಿಸವ್ರೆ.

ಇದು ನಾಲ್ಕು ದಿನ ನಡೀತು. ಮೂನ್ ಮಗ್ಗಿನಲ್ಲಿ ಅನುಮಾನ ಉಳಿದಿದೆ ಅಂತ ಮೂರು ಸಲ ಹೋದರು. ಕೊನೆಗೆ ಭ್ರಮರಾಂಬ ಮೇಡಮ್ಮು ಒಂದು ಮಾತು ಎತ್ತಿದರು. ಕೆಫೆ ಅಂದರೆ ಏನು ಅಂತಲೇ ನಿಯಮದಲ್ಲಿ ಇಲ್ಲ, ಗುರುತು ಗೊತ್ತಿಲ್ಲದೆ ಹುಡುಕೋದು ಹೆಂಗೆ? ನಾಲ್ಕು ದಿನದ ತಿಂಡಿಯ ಅನುಭವದ ಮೇಲೆ ಇಬ್ಬರೂ ಕೂತು ಗುರುತು ಬರೆದರು:

'ಯಾವ ಸ್ಥಳದಲ್ಲಿ ಮನುಷ್ಯನು ಯಾವ ಕೆಲಸವೂ ಆಗದೆ ಎರಡು ಗಂಟೆಗೆ ಕಡಿಮೆ ಇಲ್ಲದಂತೆ ಕೂರುತ್ತಾನೋ, ಕೂತಲ್ಲಿಗೆ ಒಂದು ಲೋಟ ಪಾನೀಯ ಬರುತ್ತದೋ, ಗೋಡೆಯ ಇಟ್ಟಿಗೆ ಕಾಣುತ್ತದೋ, ಏಳು ಎಂದು ಯಾರೂ ಅನ್ನುವುದಿಲ್ಲವೋ, ಅದು ಕೆಫೆ.'

ನನಗೂ ಸರಿ ಅನ್ನಿಸಿತು. ಹೆಬ್ಬೆಟ್ಟು ಒತ್ತಿದೆ. ಈ ಸಲ ಮೊದಲು ಓದಿಸಿ ಕೇಳಿ, ಆಮೇಲೆ ಒತ್ತಿದೆ.

ಆರನೇ ದಿನ ಸಾಯಂಕಾಲ ಅಂಗಡಿಗೆ ಹೋದರೆ ಭಾರ್ಗವಿ ಕೇಕಿನ ಮುಂದೆ ಸುಮ್ಮನೆ ಕೂತಿದ್ದಳು. ಹುಣಸೆಮನೆಯಲ್ಲಿ ತಿಂದರೆ ತಮಗೂ ನೋಟೀಸು ಬರ್ತದೇನೋ ಅಂತ ಗಿರಾಕಿಗಳು ಬಾಗಿಲಲ್ಲೇ ಫೋಟೋ ತೆಗೆದು ಹೋಗ್ತಿದ್ದರು. ನನ್ನನ್ನ ನೋಡಿ, ಮೆಲ್ಲಗೆ ಅಂದಳು:

"ಅವ್ವ, ಕ್ಯಾಂಟೀನ್ ಸೂಪರ್‌ವೈಸರ್ ಫೋನ್ ಮಾಡಿದ್ರು. ಸೋಮವಾರದಿಂದ ಬತ್ತೀನಿ ಅಂತ ಹೇಳ್ಬುಡ್ಲಾ?"

ನಾನು 'ಚಿಂತೆ ಇಲ್ಲ ಕಣಮ್ಮ' ಅನ್ನೋಕೆ ಬಾಯಿ ತೆರೆದೆ. ಬರಲಿಲ್ಲ. ಹುಟ್ಟಿದಾಗಿಂದ ಅಂದುಕೊಂಡು ಬಂದ ಮಾತು, ಅವತ್ತು ಅದಕ್ಕೆ ಕೊಂಬು ಬಂದು ಗಂಟಲಲ್ಲಿ ಅಡ್ಡ ಸಿಕ್ಕಿಕೊಂಡಿತ್ತು. ಅವಳ ಬಲಗೈ ನೋಡಿದೆ. ಮುಂದೆ ತಟ್ಟೆ ಇತ್ತಲ್ಲ, ಆ ಕೈ ತಾನಾಗೇ ಮೇಲೆ ಏಳ್ತಿತ್ತು.

ಸೋಮವಾರಕ್ಕೆ ಇನ್ನೂ ದಿನ ಐತೆ, ನಾಳೆ ತನಕ ತಡಿ ಅಂದು ಪರಿಗಿ ಬಸ್ಸು ಹತ್ತಿದೆ. ಮನೇಲಿ ಹುಣಸೆಹಣ್ಣಿನ ಮಡಕೆ ತೆಗೆದು, ಬೀಜ ನಾರು ಬಿಡಿಸಿ, ಬೆಲ್ಲ, ಉಪ್ಪು, ಜೀರಿಗೆ, ಒಂದಿಷ್ಟು ಖಾರದ ಪುಡಿ ಹಾಕಿ ಒರಳಲ್ಲಿ ಕುಟ್ಟಿದೆ. ಚಿಗಳಿ ಕಣ್ರಮ್ಮ. ಸ್ಕೂಲಿಗೆ ಹೋಗೋ ಮಕ್ಕಳು ಕಡ್ಡಿಗೆ ಸಿಕ್ಕಿಸಿಕೊಂಡು ಚೀಪ್ತವಲ್ಲ, ಅದೇ. ಮಾರನೇ ದಿನ ಮೊದಲನೇ ಬಸ್ಸಿಗೆ ಒಂದು ಕುಕ್ಕೆ ತಂದೆ. ಭಾರ್ಗವಿ ಒಂದು ಮಾತೂ ಕೇಳದೆ ಒಂದೊಂದು ಕೇಕಿನ ಹೊಟ್ಟೆಯಲ್ಲೂ ಒಂದೊಂದು ಚಿಗಳಿ ಇಟ್ಟು ಮುಚ್ಚಿದಳು. ಮೂವತ್ತೆರಡು ಕೇಕು, ಮೂವತ್ತೆರಡು ಚಿಗಳಿ.

ಹನ್ನೊಂದು ಗಂಟೆಗೆ ಸಾರು, ಮೇಡಮ್ಮು, ಅರಗು, ಬೀಗ ಎಲ್ಲಾ ಬಂದವು. ಸಾರು ಗಾಜಿನ ಪೆಟ್ಟಿಗೆ ನೋಡಿ, ಬರೀ ಕೇಕೇ ಕಾಣ್ತದಲ್ಲಮ್ಮ ಅಂತ ನಿಟ್ಟುಸಿರು ಬಿಟ್ಟರು.

"ಸಾರೂ, ಅದು ಕೇಕಲ್ಲ. ಚೀಲ" ಅಂದೆ.

ಒಂದನ್ನ ಕುಯ್ದು ತೋರಿಸಿದೆ. ಒಳಗೆ ಹುಣಸೆಹಣ್ಣು. ಮಂಡಿಯವರು ಗೋಣಿಯಲ್ಲಿ ತುಂಬ್ತಾರೆ, ನಾವು ಕೇಕಿನಲ್ಲಿ ತುಂಬಿದೀವಿ. ಚೀಲ ಯಾತರದ್ದಿರಬೇಕು ಅಂತ ರೂಲಿನಲ್ಲಿ ಐತಾ ಅಂತ ಕೇಳಿದೆ. ಭ್ರಮರಾಂಬ ಮೇಡಮ್ಮು ನಿಂತಲ್ಲೇ ಪುಸ್ತಕ ತಿರುವಿದರು. ಚೀಲವು ಸೋರಬಾರದು, ತಾನಾಗಿ ಹರಿಯಬಾರದು, ಒಳಗಿನ ಮಾಲಿಗೆ ಧೂಳು ತಗುಲದಂತಿರಬೇಕು. ಅಷ್ಟೇ ಇತ್ತು. ನಾರಿನದೇ ಆಗಬೇಕು ಅಂತ ಎಲ್ಲೂ ಬರೆದಿರಲಿಲ್ಲ.

ಸಾರು ಒಂದು ಚೀಲ ಎತ್ತಿ ಅಲ್ಲಾಡಿಸಿದರು. ಸೋರಲಿಲ್ಲ. ಕೆಳಗಿಟ್ಟು ನೋಡಿದರು. ಹರಿಯಲಿಲ್ಲ. ಆಮೇಲೆ ಚೀಲವನ್ನೂ ಮಾಲನ್ನೂ ಒಟ್ಟಿಗೆ ಬಾಯಿಗಿಟ್ಟುಕೊಂಡರು. ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ಖಾರ, ಕಣ್ಣಲ್ಲಿ ಒಂದು ಹನಿ.

"ಮಾಲು ಒಳ್ಳೇದೈತೆ" ಅಂದರು. 'ಹುಣಸೆಹಣ್ಣು ಕಂಡುಬಂದಿರುತ್ತದೆ, ಚೀಲವು ಮೆತ್ತಗಿರುತ್ತದೆ' ಅಂತ ಬರೆಸಿದರು. ಮಾದರಿಗೆ ಅಂತ ಹನ್ನೆರಡು ಚೀಲ ಕಟ್ಟಿಸಿಕೊಂಡರು.

ಆದರೂ ಬೀಗ ಹಾಕಿದರು. ಫೈಲು ಎರಡೂ ಒಂದೇ ದಾರದಲ್ಲಿ ಅವೆಯಲ್ಲ. ಸಾಯಂಕಾಲ ಐದು ಗಂಟೆಯೊಳಗೆ ಕಾಣೆಯಾದ ಕೆಫೆ ಸಿಕ್ಕರೆ ಬೀಗ ತೆಗೀತೀವಿ, ಸಿಗದಿದ್ದರೆ ಅರಗು ಇಡ್ತೀವಿ, ಅರಗು ಇಟ್ಟರೆ ನಮ್ಮ ಕೈಯಲ್ಲೂ ಇರಲ್ಲ ಅಂದರು. ಭಾರ್ಗವಿ ಬೀಗ ಹಾಕಿದ ಬಾಗಿಲ ಮೆಟ್ಟಿಲ ಮೇಲೆ ಕೂತಳು. ನಾನು ಕಚೇರಿಗೆ ನಡೆದೆ.

ಅಲ್ಲಿ ಎರಡೂವರೆಗೆ ಕುರ್ಚಿ ಮೇಲೆ ಕೂತೆ. ಮುದ್ರೆ ಒತ್ತಿಕೊಡಿ ಅಂದೆ. ಆಗಲ್ಲ ಅಂದರು. ಕೂತೆ. ಮೂರೂವರೆಗೆ ಇನ್ನೊಂದು ಸಲ ಕೇಳಿದೆ. ಆಗಲ್ಲ ಅಂದರು, ಆದರೆ ವಯಸ್ಸಾದವಳು ಅಂತ ಒಂದು ಲೋಟ ಟೀ ತರಿಸಿಕೊಟ್ಟರು. ಕುಡಿದೆ. ನನ್ನ ಜೊತೆ ಇನ್ನೂ ಏಳೆಂಟು ಜನ ಕೂತಿದ್ದರು. ಲೇಪಾಕ್ಷಿಯಿಂದ ಬಂದ ಒಬ್ಬ ಹೊಲಿಗೆಯವನು ತನ್ನ ಅಂಗಡಿಯ ಹೆಸರಿಗೆ ಒಂದು ದೀರ್ಘ ಬೇಕು ಅಂತ ಹೋದ ತಿಂಗಳಿಂದ ಕೂರ್ತಿದ್ದಾನಂತೆ. ಯಾರೂ ಏಳು ಅಂದಿರಲಿಲ್ಲ. ಗಾಳಿಗೆ ಕ್ಯಾಲೆಂಡರು ಅಲ್ಲಾಡಿತು. ಅದರ ಹಿಂದೆ ಗಾರೆ ಉದುರಿ, ಮೂರು ಸಾಲು ಇಟ್ಟಿಗೆ ಕಾಣ್ತಿತ್ತು.

ಗೋಡೆ ಗಡಿಯಾರದಲ್ಲಿ ನಾಲ್ಕೂವರೆ ಆಯ್ತಾ ಅಂತ ಹೊಲಿಗೆಯವನನ್ನ ಕೇಳಿದೆ. ಆಯ್ತು ಅಂದ. ಎದ್ದೆ.

"ಸಾರೂ, ಕೆಫೆ ಸಿಕ್ತು" ಅಂದೆ.

"ಎಲ್ಲಮ್ಮ?"

"ನಾವು ಕುಂತಿರಾದೇ ಅದರಾಗೆ."

ಯಾರೂ ನಗಲಿಲ್ಲ. ಭ್ರಮರಾಂಬ ಮೇಡಮ್ಮು ತಾವೇ ಬರೆದ ಗುರುತಿನ ಕಾಗದ ತೆಗೆದು ಒಂದೊಂದೇ ಓದಿದರು. ಎರಡು ಗಂಟೆ ಕೂತಿದ್ದಾರೆ, ಹೌದು. ಯಾವ ಕೆಲಸವೂ ಆಗಿಲ್ಲ, ಹೌದು. ಅದಕ್ಕೆ ಹೊಲಿಗೆಯವನು ಸಾಕ್ಷಿ ಹೇಳಿದ. ಪಾನೀಯ ಬಂದಿದೆ, ಲೋಟ ಇಲ್ಲೇ ಇದೆ. ಕ್ಯಾಲೆಂಡರು ಎತ್ತಿ ಇಟ್ಟಿಗೆ ನೋಡಿದರು. ಇನ್ನು ಈ ಕಟ್ಟಡ ಗಾಣದ ಬೀದಿಗೆ ಸೇರ್ತದಾ ಅಂತ ಒಂದು ಪ್ರಶ್ನೆ ಬಂತು. ಹಿಂದಿನ ಬಾಗಿಲು ಗಾಣದ ಬೀದಿಗೇ ತೆರೀತದೆ, ಸಾರು ಮಧ್ಯಾಹ್ನ ಮೂನ್ ಮಗ್ಗಿಗೆ ಹೋಗೋದು ಅದರಿಂದಲೇ.

ಧರ್ಮೇಂದ್ರ ಸಾರು ಕನ್ನಡಕ ತೆಗೆದು ಒರೆಸಿಕೊಂಡರು. "ಊರೆಲ್ಲ ಹುಡುಕಿದಿವಲ್ಲಮ್ಮ" ಅಂದರು. ಧ್ವನಿ ಒದ್ದೆಯಾಗಿತ್ತು.

ನಾಲ್ಕು ಐವತ್ತಕ್ಕೆ ಮುದ್ರೆ ಬಿತ್ತು, ಭಾರ್ಗವಿಯ ಬಾಗಿಲಿನ ಬೀಗ ಬಿಚ್ಚಿತು. ಸಿಕ್ಕ ಕೆಫೆಗೆ ಹೆಸರು ಬೇಕಲ್ಲ, ನಾನು ಅವತ್ತು ಬಾಯಲ್ಲಿ ಹೇಳಿದ್ದ ಹೆಸರು ಇನ್ನೂ ಯಾರಿಗೂ ಕೊಡದೆ ಉಳಿದಿತ್ತು. ಅದನ್ನೇ ಕೊಟ್ಟರು. ಈಗ ಆ ಕಚೇರಿಯ ಬಾಗಿಲ ಮೇಲೆ ದೊಡ್ಡ ಬೋರ್ಡು ಐತೆ: ಚಿಂತೆ ಇಲ್ಲ. ಕೊಂಬು ಇಲ್ಲದೆ, ಶುದ್ಧವಾಗಿ ಬರೆಸವ್ರೆ. ಕೆಲಸಕ್ಕೆ ಹೋಗಿ ಬಂದವರನ್ನ ಏನಾಯ್ತು ಅಂತ ಕೇಳಿದರೆ, ಬೋರ್ಡಿನಲ್ಲಿ ಇದ್ದದ್ದನ್ನೇ ಹೇಳ್ತಾರೆ.

ಅವರವರು ಏನಾದರು ಅಂತ ಹೇಳಿಬಿಡ್ತೀನಿ, ಇಲ್ಲದಿದ್ದರೆ ನಿಮಗೆ ನಿದ್ದೆ ಬರಲ್ಲ. ಭಾರ್ಗವಿಯ ಚಿಂತ ಇಲ್ಲು ಇವತ್ತಿಗೂ ಸರ್ಕಾರದ ಲೆಕ್ಕದಲ್ಲಿ ಹುಣಸೆಹಣ್ಣಿನ ದಾಸ್ತಾನು ಮಳಿಗೆ. ಹುಡುಗರು ಬಂದು "ಎರಡು ಚೀಲ ಕೊಡಿ ಅಕ್ಕ" ಅಂತಾರೆ, ಚೀಲ ತಿಂದು ಮಾಲು ಚೀಪ್ತಾರೆ. ಅವಳ ಬಲಗೈ ಈಗ ತಟ್ಟೆ ಕಂಡರೂ ಸುಮ್ಮನಿರ್ತದೆ. ಸ್ಪಂದನ ತಾನೂ ಒಂದು ಕೊಂಬು ಬೇಕು ಅಂತ ಅರ್ಜಿ ಹಾಕವಳೆ. ಓಬುಳಪತಿಗೆ ಬಡ್ತಿ ಸಿಕ್ತು, ಒಂದೇ ಕೊಂಬಿನಿಂದ ಒಂದು ಮಂಡಿ, ಒಂದು ಕೆಫೆ ಎರಡನ್ನೂ ಹುಟ್ಟಿಸಿದ ಅಂತ. ಭ್ರಮರಾಂಬ ಮೇಡಮ್ಮಿನ ಷುಗರ್ ಏರೈತೆ, ಆದರೆ ಅದು ಕರ್ತವ್ಯದ ಮೇಲೆ ಏರಿದ್ದರಿಂದ ಅವರಿಗೆ ಸಂಬಂಧ ಇಲ್ಲ. ಧರ್ಮೇಂದ್ರ ಸಾರು ಕ್ಯಾಲೆಂಡರು ತೆಗೆಸಿ ಇಟ್ಟಿಗೆ ಗೋಡೆಗೆ ಒಂದು ದೀಪ ಹಾಕಿಸವ್ರೆ, ಜನ ಅದರ ಮುಂದೆ ತಮ್ಮ ಅರ್ಜಿ ಹಿಡ್ಕೊಂಡು ಫೋಟೋ ತೆಗೆಸ್ಕೊಂತಾರೆ. ಲೇಪಾಕ್ಷಿಯ ಹೊಲಿಗೆಯವನು ಇನ್ನೂ ಅಲ್ಲೇ ಅವನೆ. ಮಿಷನ್ನು ಅಲ್ಲಿಗೇ ತಂದುಕೊಂಡು ಹೊಲೀತಾನೆ.

ನಾನಾ? ಗಿರಾಕಿ ಇಲ್ಲದ ಕೆಫೆಯನ್ನ ಮುಚ್ಚಬೇಕು ಅಂತ ಒಂದು ರೂಲು ಐತಂತೆ. ಅದಕ್ಕೇ ನನ್ನ ಹೆಸರನ್ನ ಕಾಯಂ ಗಿರಾಕಿ ಅಂತ ರಿಜಿಸ್ಟರಿನಲ್ಲಿ ಬರೆದವ್ರೆ. ಆದೆಮ್ಮ, ಪರಿಗಿ. ಪ್ರತಿ ತಿಂಗಳು ಒಂದನೇ ತಾರೀಕು ಹೋಯ್ತೀನಿ, ಎರಡು ಗಂಟೆ ಕೂರ್ತೀನಿ, ಒಂದು ಟೀ ಕುಡೀತೀನಿ, ಯಾವ ಕೆಲಸವೂ ಆಗಲಿಲ್ಲ ಅಂತ ಹೆಬ್ಬೆಟ್ಟು ಒತ್ತಿ ಬತ್ತೀನಿ. ಮೊನ್ನೆ ನನ್ನ ಕುರ್ಚಿಗೆ ಮೆತ್ತೆ ಹಾಕಿಸವ್ರೆ. ಚೆನ್ನಾಗೈತೆ, ಮೆತ್ತಗೆ, ಚೀಲದ ಹಂಗೆ.